ಚೆಂಡು ಯಾರ ಕಾಲಲ್ಲಿ?

ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು, ಸಣ್ಣ ಪಾಸ್‌ಗಳಿಂದ ಎದುರಾಳಿಯನ್ನು ದಣಿಸಿ ಮುನ್ನುಗ್ಗುವ ಆಟ ನಿಜಕ್ಕೂ ಗೆಲುವು ತರುತ್ತದೆಯೇ? ಬೆಂಗಳೂರು ಎಫ್‌ಸಿಯ ಇತಿಹಾಸ ಇದಕ್ಕೆ ಒಳ್ಳೆಯ ಸಾಕ್ಷ್ಯ. 2013ರಲ್ಲಿ ಹುಟ್ಟಿದ ಈ ತಂಡ ಆಶ್ಲೇ ವೆಸ್ಟ್‌ವುಡ್ ತರಬೇತಿಯಲ್ಲಿ ಎರಡು ಬಾರಿ ಐ-ಲೀಗ್ ಗೆದ್ದಿತ್ತು. 2016ರಲ್ಲಿ ಬಂದವರು ಬಾರ್ಸಿಲೋನಾದಲ್ಲಿ ಸಹಾಯಕ ತರಬೇತುದಾರರಾಗಿದ್ದ ಆಲ್ಬರ್ಟ್ ರೋಕಾ. ಚೆಂಡಿನ ಹಿಡಿತವೇ ಅವರ ಆಟದ ಜೀವಾಳ. ಅದೇ ವರ್ಷ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. 2017-18ರ ಐಎಸ್‌ಎಲ್‌ನಲ್ಲಿ, ಮೊದಲ ಪ್ರವೇಶದಲ್ಲೇ, 18 ಪಂದ್ಯಗಳಿಂದ 40 ಅಂಕ ಗಳಿಸಿ ಅಗ್ರಸ್ಥಾನ ಪಡೆಯಿತು. ಎರಡನೆಯ ತಂಡ 8 ಅಂಕ ಹಿಂದಿತ್ತು.

ಆದರೆ ಆ ಐಎಸ್‌ಎಲ್‌ನ ಫೈನಲ್ ಸೋತರಲ್ಲ ಎನ್ನುವವರಿದ್ದಾರೆ. ನಿಜ, ಕಂಠೀರವದಲ್ಲಿ ಚೆನ್ನೈಯಿನ್ 3-2ರಿಂದ ಗೆದ್ದಿತು. ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಗೆ ತಲೆಗೊಟ್ಟು ಎರಡು ಗೋಲು ಹೊಡೆದರು. ಒಂದು ರಾತ್ರಿಯನ್ನು ಎರಡು ಕಾರ್ನರ್ ತಿರುಗಿಸಬಹುದು, 18 ಪಂದ್ಯಗಳ ಋತುವನ್ನಲ್ಲ. ಹಿಡಿತದ ಆಟದ ಫಲವನ್ನು ಅಳೆಯಬೇಕಾದದ್ದು ಲೀಗ್ ಪಟ್ಟಿಯಲ್ಲಿ. ಹಾಗೆಂದು ಹಿಡಿತದ ಆಟವೊಂದೇ ಸಾಲದು. 2019ರಲ್ಲಿ ಕಾರ್ಲೆಸ್ ಕ್ವಾಡ್ರಾಟ್ ತರಬೇತಿಯಲ್ಲಿ ಐಎಸ್‌ಎಲ್ ಕಪ್ ಬಂದದ್ದೂ ಕಾರ್ನರ್‌ನಿಂದಲೇ: ಹೆಚ್ಚುವರಿ ಸಮಯದ ಕೊನೆಗೆ, ಗೋವಾ ವಿರುದ್ಧ, ರಾಹುಲ್ ಭೆಕೆಯ ಹೆಡರ್. ಹಾಗಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರು ಪಾಸಿನ ಜೊತೆಗೆ ಕಾರ್ನರನ್ನೂ ಮೊದಲ ದಿನದಿಂದ ಕಲಿಸಲಿ.