ಮೈಗ್ರೇನ್, ಮಾತ್ರೆ ಮತ್ತು ಬೆಚ್ಚಗಾದ ಕೈಗಳು

ಮೈಗ್ರೇನ್ ಇರೋರಿಗೆ ಎರಡು ಥರದ ಸಲಹೆ ಸಿಗತ್ತೆ. ಒಂದು, "ಮಾತ್ರೆ ತಗೊಂಡು ಮಲಕ್ಕೋ." ಇನ್ನೊಂದು, "ಟೆನ್ಷನ್ ಮಾಡ್ಕೋಬೇಡ, ತಾನಾಗೇ ಹೋಗತ್ತೆ." ಬಿಕಾಂ ಓದೋ ಕಾಲದಿಂದ ನನಗೆ ಈ ಅರೆತಲೆನೋವು ಇದೆ. ಎರಡನೇ ಸಲಹೆ ಕೇಳಿದಾಗೆಲ್ಲ ಸಿಟ್ಟು ಬರತ್ತೆ, ನೋವನ್ನ ನಾನೇ ಕರೆದು ಕೂರಿಸಿಕೊಂಡಿದೀನಿ ಅನ್ನೋ ಹಾಗಿರತ್ತೆ ಆ ಮಾತು. ಇದರ ಬೇರು ಹುಡುಕ್ತಾ ಹೋದರೆ ಒಂದು ಕವಲು 1930ರ ದಶಕದ ನ್ಯೂಯಾರ್ಕ್‌ಗೆ ಹೋಗತ್ತೆ.

ಅಲ್ಲಿದ್ದವರು ನರರೋಗ ತಜ್ಞ ಹೆರಾಲ್ಡ್ ವುಲ್ಫ್. ಸ್ವತಃ ಅವರಿಗೂ ಮೈಗ್ರೇನ್ ಇತ್ತು. 1937ರಲ್ಲಿ ಅವರು ತಮ್ಮ ರೋಗಿಗಳ ಸ್ವಭಾವದ ಬಗ್ಗೆ ಬರೆದರು: ಮಹತ್ವಾಕಾಂಕ್ಷೆಯವರು, ಎಲ್ಲವೂ ಅಚ್ಚುಕಟ್ಟಾಗಿರಬೇಕು ಅನ್ನುವವರು, ಒಳಗೊಳಗೇ ಬಿಗಿಯಾಗಿರುವವರು. ಮರುವರ್ಷ ಅದೇ ವುಲ್ಫ್, ಜಾನ್ ಗ್ರಹಾಂ ಜೊತೆ ಸೇರಿ ಎರ್ಗೊಟಮಿನ್ ಅನ್ನೋ ಔಷಧ ಕೊಟ್ಟಾಗ ಕಣತಲೆಯ ರಕ್ತನಾಳದ ಮಿಡಿತ ಇಳಿಯೋದನ್ನೂ, ಜೊತೆಗೆ ನೋವು ಇಳಿಯೋದನ್ನೂ ಅಳೆದು ತೋರಿಸಿದರು. ಅಂದರೆ ಮನಸ್ಸಿನ ದಾರಿ, ಔಷಧದ ದಾರಿ ಎರಡೂ ಒಬ್ಬರ ಕೋಣೆಯಿಂದಲೇ ಹೊರಟವು. ಆದರೆ ಜನರ ಬಾಯಲ್ಲಿ ಉಳಿದದ್ದು "ಮೈಗ್ರೇನ್ ವ್ಯಕ್ತಿತ್ವ" ಅನ್ನೋ ಹಣೆಪಟ್ಟಿ. ದೊಡ್ಡ ಊರಿನ ದೊಡ್ಡ ತಜ್ಞರ ಹತ್ತಿರ ಬರೋರು ಎಂಥವರು ಅಂತ ಸ್ವಲ್ಪ ಯೋಚಿಸಿ. ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬರೆದ ಯಾರಿಗಾದರೂ ಈ ಸ್ಯಾಂಪಲ್ ಮೇಲೆ ಅನುಮಾನ ಬರಬೇಕು. ಆಮೇಲಿನ ಸಂಶೋಧನೆಗಳೂ ಹೀಗೊಂದು ಸಿದ್ಧ ವ್ಯಕ್ತಿತ್ವ ಇದೆ ಅನ್ನೋದಕ್ಕೆ ಬಲ ಕೊಡಲಿಲ್ಲ.

ಮುಂದಿನ ತಿರುವು ಅಮೆರಿಕದ ಕಾನ್ಸಸ್ ರಾಜ್ಯದ ಟೊಪೀಕಾದಲ್ಲಿ. 1960ರ ದಶಕದ ಕೊನೆಗೆ ಮೆನ್ನಿಂಗರ್ ಫೌಂಡೇಷನ್ನಿನ ಪ್ರಯೋಗಾಲಯದಲ್ಲಿ ಎಲ್ಮರ್ ಗ್ರೀನ್ ತಂಡ ದೇಹದ ಉಷ್ಣತೆ ಅಳೀತಿತ್ತು. ಪ್ರಯೋಗಕ್ಕೆ ಕೂತಿದ್ದ ಒಬ್ಬ ಮಹಿಳೆಗೆ ಮೈಗ್ರೇನ್ ಬಂದಿತ್ತು. ಇದ್ದಕ್ಕಿದ್ದಂತೆ ಆಕೆಯ ಕೈಗಳ ಉಷ್ಣತೆ ಎರಡೇ ನಿಮಿಷದಲ್ಲಿ 10 ಡಿಗ್ರಿ ಫ್ಯಾರನ್‌ಹೀಟ್ ಏರಿತು. ತಲೆನೋವು ಹೋಗಿತ್ತು! ಇದನ್ನು ಹಿಡಿದುಕೊಂಡು ಡಾಕ್ಟರ್ ಜೋಸೆಫ್ ಸಾರ್ಜೆಂಟ್ ಮತ್ತು ಗ್ರೀನ್, ಮೀಟರ್ ನೋಡ್ತಾ ಕೈ ಬೆಚ್ಚಗೆ ಮಾಡಿಕೊಳ್ಳೋದನ್ನ ರೋಗಿಗಳಿಗೆ ಕಲಿಸಿದರು. ಇದೇ ಬಯೋಫೀಡ್‌ಬ್ಯಾಕ್. ಮಜಾ ಏನಂದ್ರೆ, 1980ರ ಒಂದು ಪ್ರಯೋಗದಲ್ಲಿ ಕೈ ಬಿಸಿ ಮಾಡೋದು ಕಲಿತವರು, ತಣ್ಣಗೆ ಮಾಡೋದು ಕಲಿತವರಿಗಿಂತ ಹೆಚ್ಚೇನೂ ಸುಧಾರಿಸಿರಲಿಲ್ಲ. ಹಾಗಾದರೆ ಕೆಲಸ ಮಾಡಿದ್ದು ಕೈಯ ಬಿಸಿನಾ, ಇಲ್ಲಾ "ನನ್ನ ದೇಹ ನನ್ನ ಮಾತು ಕೇಳತ್ತೆ" ಅನ್ನೋ ಧೈರ್ಯನಾ? ನನ್ನ ಒಲವು ಎರಡನೇದರ ಕಡೆ.

1979ರಲ್ಲಿ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬೌದ್ಧ ಧ್ಯಾನ, ಯೋಗ ಸೇರಿಸಿ ಮೈಂಡ್‌ಫುಲ್‌ನೆಸ್ ತರಗತಿ ಶುರು ಮಾಡಿದರು. ಈಗ ನಿಮ್ಮ ಫೋನಲ್ಲಿರೋ ಎಷ್ಟೋ ಆ್ಯಪ್‌ಗಳಿಗೆ ಇದೇ ತವರುಮನೆ.

ಇಷ್ಟಾದರೂ "ಮಾತ್ರೆಯೋ, ಮನಸ್ಸೋ" ಅನ್ನೋ ಜಗಳ ನಡೀತಲೇ ಇತ್ತು. 2010ರಲ್ಲಿ ಕೆನೆತ್ ಹಾಲ್‌ರಾಯ್ಡ್ ತಂಡ ಓಹಾಯೋದಲ್ಲಿ 232 ಜನರ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ನೋವು ಬಂದಾಗ ತಗೊಳ್ಳೋ ಒಳ್ಳೆಯ ಔಷಧ ಎಲ್ಲರಿಗೂ ಇತ್ತು. ಅದರ ಮೇಲೆ ಕೆಲವರಿಗೆ ನೋವು ಬರದಂತೆ ತಡೆಯೋ ಬೀಟಾ ಬ್ಲಾಕರ್ ಮಾತ್ರೆ, ಕೆಲವರಿಗೆ ಖಾಲಿ ಮಾತ್ರೆ, ಕೆಲವರಿಗೆ ಖಾಲಿ ಮಾತ್ರೆ ಜೊತೆ ವರ್ತನೆಯ ತರಬೇತಿ, ಉಳಿದವರಿಗೆ ಬೀಟಾ ಬ್ಲಾಕರ್, ತರಬೇತಿ ಎರಡೂ. ತರಬೇತಿ ಅಂದರೆ ಮೈ ಸಡಿಲ ಬಿಡೋದು, ನೋವಿನ ಮುನ್ಸೂಚನೆ ಗುರುತಿಸೋದು, ಔಷಧ ಯಾವಾಗ ತಗೋಬೇಕು ಅನ್ನೋ ಲೆಕ್ಕ. ಬೀಟಾ ಬ್ಲಾಕರ್ ಒಂದೇ ಪಡೆದವರಿಗೆ 30 ದಿನಕ್ಕೆ 2.1 ದಾಳಿ ಕಡಿಮೆಯಾಯ್ತು, ತರಬೇತಿ ಒಂದೇ ಪಡೆದವರಿಗೆ 2.2. ಖಾಲಿ ಮಾತ್ರೆಯವರಿಗೂ 2.1! ಎರಡೂ ಸೇರಿದ್ದವರಿಗೆ ಮಾತ್ರ 3.3.

ಇವರೆಲ್ಲ ಪದೇಪದೇ ಮೈಗ್ರೇನ್ ಬರೋರು. ತಿಂಗಳಲ್ಲಿ 15 ದಿನ ಅಥವಾ ಅದಕ್ಕೂ ಹೆಚ್ಚು ತಲೆನೋವಿನಲ್ಲೇ ಇರೋ ದೀರ್ಘಕಾಲದ ಮೈಗ್ರೇನ್ ಇನ್ನೂ ಕಷ್ಟ. ಅದರಲ್ಲಿ ನೋವಿನ ಮಾತ್ರೆ ಜಾಸ್ತಿ ಆದರೆ ಮಾತ್ರೆಯೇ ತಲೆನೋವು ತರತ್ತೆ. 2013ರಲ್ಲಿ ಪ್ರಕಟವಾದ ಸಿನ್ಸಿನಾಟಿಯ ಪ್ರಯೋಗದಲ್ಲಿ ಇಂಥ 10ರಿಂದ 17 ವರ್ಷದ 135 ಮಕ್ಕಳಿಗೆ ಅಮಿಟ್ರಿಪ್ಟಿಲಿನ್ ಕೊಟ್ಟರು. ಅರ್ಧದಷ್ಟು ಮಕ್ಕಳಿಗೆ ಜೊತೆಗೆ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸ ಬದಲಿಸೋ ಚಿಕಿತ್ಸೆ. ಉಳಿದವರಿಗೆ ತಲೆನೋವಿನ ಬಗ್ಗೆ ಪಾಠ. ನೋವಿನ ದಿನಗಳು ಅರ್ಧಕ್ಕಿಳಿದದ್ದು ಸಿಬಿಟಿ ಗುಂಪಿನಲ್ಲಿ 66 ಶೇಕಡಾ ಮಕ್ಕಳಿಗೆ, ಪಾಠದ ಗುಂಪಿನಲ್ಲಿ 36 ಶೇಕಡಾ.

ಮೈಂಡ್‌ಫುಲ್‌ನೆಸ್ ಕಥೆ ಇಷ್ಟು ಸಿಹಿಯಲ್ಲ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೆಬೆಕಾ ವೆಲ್ಸ್ ತಂಡ 89 ವಯಸ್ಕರಲ್ಲಿ ಪರೀಕ್ಷಿಸಿದಾಗ, ಬರೀ ತಲೆನೋವಿನ ಪಾಠ ಕೇಳಿದವರಿಗಿಂತ ಮೈಗ್ರೇನ್ ದಿನಗಳೇನೂ ಹೆಚ್ಚು ಕಡಿಮೆಯಾಗಲಿಲ್ಲ. ಆದರೆ ನೋವಿನಿಂದ ಕೆಲಸ ಕೆಡೋದು, ಖಿನ್ನತೆ, "ಇನ್ನು ನನ್ನ ಕಥೆ ಮುಗೀತು" ಅನ್ನೋ ದಿಗಿಲು ಇವು ಇಳಿದವು. ಆ್ಯಪ್ ಮಾರೋರು ಈ ಎರಡನ್ನೂ ಬೇರೆ ಮಾಡಿ ಹೇಳಲ್ಲ.

ನಮ್ಮಲ್ಲೂ ಕೆಲಸ ಆಗಿದೆ. 2020ರಲ್ಲಿ ಪ್ರಕಟವಾದ ದೆಹಲಿ ಏಮ್ಸ್ ಪ್ರಯೋಗದಲ್ಲಿ, ಔಷಧದ ಜೊತೆ ಮೂರು ತಿಂಗಳು ಯೋಗ ಮಾಡಿದವರು, ಬರೀ ಔಷಧ ತಗೊಂಡವರಿಗಿಂತ ಚೆನ್ನಾಗಿದ್ದರು. ಇಲ್ಲಿ ಕೂಡ ಯೋಗ ಔಷಧದ ಬದಲಿಗಲ್ಲ, ಅದರ ಪಕ್ಕಕ್ಕೆ. ಇನ್ನು ನಮ್ಮ ಕರ್ನಾಟಕದಲ್ಲಿ, ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. 18ರಿಂದ 65 ವರ್ಷದವರಲ್ಲಿ ವರ್ಷವೊಂದರಲ್ಲಿ ಮೈಗ್ರೇನ್ ಅನುಭವಿಸಿದವರು 25.2 ಶೇಕಡಾ. ನಾಲ್ಕು ಜನ ಕೂತು ಕಾಫಿ ಕುಡೀತಿದ್ದರೆ ಅದರಲ್ಲಿ ಒಬ್ಬರು.