ಷಟರ್ ವೈಫಲ್ಯ ತನಿಖೆ

ಗೋದಾಮು, ಕಾರ್ಖಾನೆಗಳ ರೋಲಿಂಗ್ ಷಟರ್ ಕುಸಿದಾಗ, ಸಿಕ್ಕಿಕೊಂಡಾಗ ಅಥವಾ ಹಳಿ ತಪ್ಪಿದಾಗ ಮೂಲಕಾರಣ ಪತ್ತೆಹಚ್ಚುವ ತಾಂತ್ರಿಕ ಪರಿಶೀಲನೆ. ಕೈಗಾರಿಕಾ ಸುರಕ್ಷತೆಯ ಅಂಗ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕೊಬ್ಬರಿ ಮಂಡಿ, ತೆಂಗಿನ ನಾರಿನ ಘಟಕಗಳಲ್ಲಿ ಇಂಥ ಬಾಗಿಲುಗಳು ಸಾಮಾನ್ಯ. ಸ್ಪ್ರಿಂಗ್‌ನ ಲೋಹದಣಿವು, ತುಕ್ಕು, ಲಾರಿ ತಾಗಿ ಬಾಗಿದ ಪಟ್ಟಿ, ಗ್ರೀಸಿಗೆ ಅಂಟಿ ಪಕ್ಕದ ಹಳಿಯಲ್ಲಿ ಗಟ್ಟಿಯಾದ ನಾರಿನ ದೂಳು, ಮೋಟಾರಿನ ಲಿಮಿಟ್ ಸ್ವಿಚ್ ದೋಷ ಸಂಭವನೀಯ ಕಾರಣಗಳು. ತನಿಖೆಯಲ್ಲಿ ಮೊದಲು ವಿದ್ಯುತ್ ಕಡಿದು, ಬಾಗಿಲಿಗೆ ಆಸರೆ ಕೊಟ್ಟು, ಮುರಿದ ಭಾಗವನ್ನು ಒರೆಸದೆ ಕಾಯ್ದಿಡಲಾಗುತ್ತದೆ. ಮುರಿದ ಮೇಲ್ಮೈಯ ಅಲೆಯಂಥ ಗೆರೆಗಳು ಬಿರುಕು ಕ್ರಮೇಣ ಬೆಳೆದುದನ್ನು ಸೂಚಿಸುತ್ತವೆ. ಬಳಿಕ ನಿರ್ವಹಣಾ ದಾಖಲೆ, ಕಾರ್ಮಿಕರ ಹೇಳಿಕೆಗಳನ್ನು ತಾಳೆ ನೋಡಲಾಗುತ್ತದೆ. ಲೋಹದ ಷಟರ್‌ಗಳ ಭಾರತೀಯ ಮಾನಕ ಐಎಸ್ 6248. ಸಾವು ಅಥವಾ 48 ಗಂಟೆ ಇಲ್ಲವೆ ಹೆಚ್ಚು ಕಾಲ ಕೆಲಸ ತಪ್ಪಿಸುವ ಗಾಯವಾದ ಅಪಘಾತದ ವರದಿಯನ್ನು 1948ರ ಕಾರ್ಖಾನೆ ಕಾಯ್ದೆಯ 88ನೇ ಪ್ರಕರಣ ಕಡ್ಡಾಯಗೊಳಿಸಿತು.