ವಕೀಲಿಯಿಂದ ಪಂಚಮ ಶಾಲೆಗೆ: ಕುದ್ಮುಲ್ ರಂಗರಾಯರ ವೃತ್ತಿತ್ಯಾಗವನ್ನು ಕುರಿತು

ಕಾಸರಗೋಡಿನ ಕನ್ನಡ ಪರಂಪರೆಯನ್ನು ಕುರಿತ ನಮ್ಮ ಬರಹಗಳು ಸಾಮಾನ್ಯವಾಗಿ ಕವಿಗಳಿಂದ ತೊಡಗುತ್ತವೆ. ಮಂಜೇಶ್ವರದ ಗೋವಿಂದ ಪೈ, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈ ಎಂಬ ಎರಡು ಹೆಸರುಗಳಲ್ಲಿಯೇ ಇಡೀ ಸೀಮೆಯ ಚರಿತ್ರೆ ಮುಗಿದಂತೆ ಭಾಸವಾಗುವುದೂ ಉಂಟು. 1859ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಕುದ್ಮುಲ್ ರಂಗರಾಯರು ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಅವರು ದುಡಿದದ್ದು ಮಂಗಳೂರಿನಲ್ಲಿ. 1956ರ ಗಡಿ ಅವರ ಹುಟ್ಟೂರನ್ನು ಕೇರಳಕ್ಕೂ ಕರ್ಮಭೂಮಿಯನ್ನು ಮೈಸೂರು ರಾಜ್ಯಕ್ಕೂ ಹಂಚಿತು. ಅವರ ಕಾಲಕ್ಕೆ ಇವೆರಡೂ ಮದರಾಸು ಪ್ರಾಂತ್ಯದ ಒಂದೇ ಜಿಲ್ಲೆಯ ಊರುಗಳು.

ತಂದೆಯನ್ನು ಕಳೆದುಕೊಂಡು ಹದಿನಾರರ ಪ್ರಾಯದಲ್ಲಿ ಮಂಗಳೂರಿಗೆ ಬಂದ ರಂಗರಾಯರು ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯರಾಗಿ ಬದುಕು ಆರಂಭಿಸಿದರು. ಬಳಿಕ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಕೀಲರಾದರು. ಆ ಕಾಲದ ಕರಾವಳಿಯ ಸಾರಸ್ವತ ತರುಣನಿಗೆ ವಕೀಲಿ ಎಂದರೆ ಬರಿಯ ಆದಾಯವಲ್ಲ, ಸಮಾಜದಲ್ಲಿ ಒಂದು ಖಚಿತವಾದ ಸ್ಥಾನ. ಬಡವರ ವಕೀಲರೆಂಬ ಹೆಸರೂ ಅವರಿಗೆ ಬಂದಿತ್ತು. ಬ್ರಾಹ್ಮ ಸಮಾಜದ ಸಂಪರ್ಕ ಬೆಳೆದಂತೆ ಅವರ ಗಮನ ನ್ಯಾಯಾಲಯದಿಂದ ಹೊರಕ್ಕೆ ಸರಿಯಿತು. 1892ರಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಕ್ರಮೇಣ ವೃತ್ತಿಯನ್ನೇ ತೊರೆದರು. ಸ್ವಜಾತಿಯ ಬಹಿಷ್ಕಾರ ಅದರ ಬೆನ್ನಿಗೇ ಬಂತು.

ಇಲ್ಲಿಯವರೆಗಿನ ಕತೆಯನ್ನು ಚರಿತ್ರಕಾರರು 'ತ್ಯಾಗ' ಎಂಬ ಒಂದು ಪದದಲ್ಲಿ ಹೇಳಿ ಮುಗಿಸುತ್ತಾರೆ. ಆ ಪದದ ಬಗ್ಗೆ ನನಗೆ ಅನುಮಾನವಿದೆ. ತ್ಯಾಗದ ಕಥನದಲ್ಲಿ ಬಿಟ್ಟವನು ಮಾತ್ರ ಕಾಣಿಸುತ್ತಾನೆ, ಕಟ್ಟಿದ್ದು ಕಾಣಿಸುವುದಿಲ್ಲ. ಕಟ್ಟಿದ್ದರಲ್ಲಿ ಪಾಲುಗೊಂಡವರಂತೂ ಕಾಣುವುದೇ ಇಲ್ಲ. ರಂಗರಾಯರ ಶಾಲೆಗಳಿಗೆ ಬರುವ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡಲಾಗುತ್ತಿತ್ತು ಎಂಬ ಸಂಗತಿಯನ್ನು ಗಮನಿಸೋಣ. ಇದನ್ನು ಸಾಮಾನ್ಯವಾಗಿ ಮಕ್ಕಳನ್ನು ಸೆಳೆಯುವ ಉಪಾಯವೆಂದು, ಇಲ್ಲವೆ ದಯೆಯ ಒಂದು ಕುರುಹೆಂದು ಬಣ್ಣಿಸುವುದುಂಟು. ಆದರೆ ದಕ್ಷಿಣ ಕನ್ನಡದ ಗದ್ದೆ ಬಯಲುಗಳಲ್ಲಿ ಮೂಲದ ಆಳುಗಳಾಗಿ ತಲೆತಲಾಂತರದಿಂದ ಧಣಿಯ ಮನೆಗೆ ಕಟ್ಟುಬಿದ್ದ ಕುಟುಂಬಗಳ ದೃಷ್ಟಿಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಮಗುವೂ ಒಂದು ದುಡಿಯುವ ಕೈ. ದನ ಕಾಯುವ, ಸೊಪ್ಪು ಹೊರುವ ಮಗು ಶಾಲೆಯಲ್ಲಿ ಕುಳಿತರೆ ಅಂದಿನ ಗಂಜಿಗೆ ಕೊರತೆ. ಧಣಿ ಮುನಿದರೆ ಇರುವ ಗುಡಿಸಲಿಗೇ ಸಂಚಕಾರ. ಹಾಗಾಗಿ ಆ ಎರಡು ಪೈಸೆಯನ್ನು ನಷ್ಟಭರ್ತಿ ಎಂದು ಓದುವುದೇ ಸರಿ. ರಂಗರಾಯರು ವಕೀಲಿಯನ್ನು ಬಿಟ್ಟಾಗಲೂ ಅವರ ಬಳಿ ಅಕ್ಷರವಿತ್ತು, ಕಾನೂನಿನ ಅರಿವಿತ್ತು, ಕಲೆಕ್ಟರರ ಕಚೇರಿಯೊಳಗೆ ಕುರ್ಚಿಯಿತ್ತು. ಮಗನನ್ನು ಶಾಲೆಗೆ ಕಳಿಸಿದ ಆಳಿಗೆ ಹಿಂದಿರುಗಲು ಅಂಥ ಯಾವ ನೆಲೆಯೂ ಇರಲಿಲ್ಲ. ಭದ್ರವಾದುದನ್ನು ಬಿಟ್ಟವರು ಯಾರು ಎಂದು ಕೇಳಿದರೆ ಉತ್ತರ ಒಂದೇ ಹೆಸರಿನಲ್ಲಿ ಮುಗಿಯಲಾರದು.

ಮಧ್ಯಾಹ್ನದ ಊಟ, ಮಗ್ಗದ ಕೆಲಸದ ತರಬೇತಿ, ನಿವೇಶನಗಳು, ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ: ಮಿಷನ್ನಿನ ಕಾರ್ಯಗಳು ಹೀಗೆ ಹರಡಿದವು. ಜಮೀನಿನ ವಿಷಯದಲ್ಲಿ ಕಾಲವೂ ಒದಗಿಬಂತು. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಸಲ್ಲಿಸಿದ ಟಿಪ್ಪಣಿಯ ಫಲವಾಗಿ ಮದರಾಸು ಸರಕಾರ 1892ರಲ್ಲಿ ಪಂಚಮರಿಗೆ ಜಮೀನು ನೀಡುವ ಆಜ್ಞೆ ಹೊರಡಿಸಿತ್ತು. ಆಜ್ಞೆ ಇದ್ದ ಮಾತ್ರಕ್ಕೆ ಜಮೀನು ಬರುವುದಿಲ್ಲ. ದರಖಾಸ್ತು ಬರೆಯಬೇಕು, ಆಕ್ಷೇಪಣೆಗಳಿಗೆ ಉತ್ತರ ಕೊಡಬೇಕು, ಕಚೇರಿಗೆ ಅಲೆಯಬೇಕು. ತೊರೆದ ವೃತ್ತಿಯ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂದಿರಲೇಬೇಕು ಎಂಬುದು ನನ್ನ ಊಹೆ. ರಂಗರಾಯರು ಬಿಟ್ಟದ್ದು ವಕೀಲಿಯ ಶುಲ್ಕವನ್ನೇ ಹೊರತು ವಕಾಲತ್ತನ್ನಲ್ಲ.

ಭಾಷೆಯ ಕುರಿತೂ ಒಂದು ಮಾತು ಸಲ್ಲಬೇಕು. ಕೊಂಕಣಿ ಮನೆಮಾತಿನ ಸಂಸ್ಥಾಪಕ, ಹೆಚ್ಚಾಗಿ ತುಳು ಮಾತಾಡುವ ಮಕ್ಕಳು, ಇವರ ನಡುವೆ ಶಾಲೆಯ ಭಾಷೆಯಾಗಿ ಕನ್ನಡ. ಅಂದಿನ ಕರಾವಳಿಯಲ್ಲಿ ಕನ್ನಡವೆಂದರೆ ಕಚೇರಿಯ, ದಸ್ತಾವೇಜಿನ ಭಾಷೆ. ಅದನ್ನು ಓದಬಲ್ಲವನಿಗೆ ತನ್ನ ಹೆಸರಿನಲ್ಲಿ ಏನು ಬರೆಯಲಾಗಿದೆ ಎಂದು ತಿಳಿಯುತ್ತಿತ್ತು. ಗಡಿನಾಡಿನ ಕನ್ನಡವನ್ನು ನಾವು ತಾಯ್ನುಡಿಯ ಭಾವುಕತೆಯಲ್ಲಿ ಮಾತ್ರ ಚರ್ಚಿಸುವಾಗ ಈ ಅಂಶ ಜಾರಿಹೋಗುತ್ತದೆ.

ವಿಠ್ಠಲ ರಾಮಜಿ ಶಿಂಧೆಯವರೊಡನೆ ಹೋಲಿಕೆ ಇಲ್ಲಿ ಸಹಜವಾಗಿಯೇ ಬರುತ್ತದೆ. 1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಶಿಂಧೆಯವರು ಕಾನೂನು ಓದನ್ನು ಅರ್ಧಕ್ಕೆ ಬಿಟ್ಟು ಪ್ರಾರ್ಥನಾ ಸಮಾಜದ ಪ್ರಚಾರಕರಾದವರು. ಮುಂಬಯಿಯಲ್ಲಿ ಅವರು ಇದೇ ಹೆಸರಿನ ಮಿಷನ್ ಆರಂಭಿಸಿದ್ದು 1906ರಲ್ಲಿ, ಮಂಗಳೂರಿನ ಪ್ರಯತ್ನದ ಒಂಬತ್ತು ವರ್ಷಗಳ ತರುವಾಯ. ಜಮಖಂಡಿ ಇಂದು ಕರ್ನಾಟಕದಲ್ಲಿದೆ, ಅಲ್ಲಿಯ ಮಗ ಮರಾಠಿಯ ಲೇಖಕ; ಕಾಸರಗೋಡು ಕೇರಳದಲ್ಲಿದೆ, ಅಲ್ಲಿಯ ಮಗ ಕನ್ನಡ ನಾಡಿನ ಸುಧಾರಕ. ಶಿಂಧೆಯವರು ಆತ್ಮಕಥನ ಬರೆದರು, ಮರಾಠಿ ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ. ರಂಗರಾಯರ ಬದುಕು ನಮಗೆ ಹೆಚ್ಚಾಗಿ ಇತರರ ಬಾಯಿಂದ ದಕ್ಕಿದೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಬರೆದವರನ್ನು ನೆನೆದು ಕಟ್ಟಿದವರನ್ನು ಮರೆಯುವುದಕ್ಕೆ ಇದೂ ಒಂದು ಕಾರಣ.

ಅವರ ಮಗಳು ರಾಧಾಬಾಯಿ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರನ್ನು ಅಂತರ್ಜಾತಿ ವಿವಾಹವಾಗಿ, ಮುಂದೆ ಕೇಂದ್ರದ ಶಾಸನಸಭೆಗೆ ಸದಸ್ಯೆಯಾದರು. 1927ರಲ್ಲಿ ರಂಗರಾಯರು ಈಶ್ವರಾನಂದ ಎಂಬ ಹೆಸರಿನಲ್ಲಿ ಸಂನ್ಯಾಸ ಸ್ವೀಕರಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಸರಕಾರಿ ಉದ್ಯೋಗ ಪಡೆದು ಕಾರಿನಲ್ಲಿ ಸಂಚರಿಸಬೇಕು, ಆ ಕಾರು ಎಬ್ಬಿಸಿದ ದೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತೆಂದು ಮಂಗಳೂರಿನಲ್ಲಿ ಇಂದಿಗೂ ಹೇಳುತ್ತಾರೆ. ಸಂನ್ಯಾಸಿಯ ಬಾಯಲ್ಲಿ ಈ ಆಸೆ ವಿಚಿತ್ರವಾಗಿ ಕೇಳಿಸಬಹುದು. ಅವರು ತಮಗೆ ಬೇಡವೆಂದು ಬಿಟ್ಟ ಭದ್ರತೆಯನ್ನು ಕೀಳೆಂದು ಎಣಿಸಿರಲಿಲ್ಲ. ಅವರ ಶಾಲೆಯ ಮಕ್ಕಳಿಗೆ ಬಿಡಲು ಇನ್ನೂ ಏನೂ ಇರಲಿಲ್ಲ.